ಮಂಜುಗಡ್ಡೆಯ ಮೇಲೆ ಒಂದು ಹಿಡಿ ಕಲ್ಲುಪ್ಪು

ಐಸ್ ಹಾಕಿ ಆಟ ನನಗೆ ಪೂರ್ತಿ ಅರ್ಥವಾಗಿದೆ ಎಂದು ಆ ಭಾನುವಾರ ಬೆಳಗ್ಗೆ ನಾನು ಬಲವಾಗಿ ನಂಬಿದ್ದೆ. ನಂಬದೆ ಏನು ಮಾಡಲಿ? ಕಚೇರಿಗೆ ಹೋಗುವ ಮೆಟ್ರೋದಲ್ಲಿ ನಿಂತುಕೊಂಡೇ, ಫೋನ್ ನೋಡಿ ಅದರ ಶಬ್ದಗಳನ್ನೆಲ್ಲ ಕಲಿತಿದ್ದೆ. ಮಗಳು ಅನಘಾ ಗುರುಗ್ರಾಮದ ಒಂದು ಮಾಲ್‌ನ ಐಸ್ ರಿಂಕ್ ಎಂಬ ಮಂಜುಗಡ್ಡೆಯ ಅಂಗಳದಲ್ಲಿ ಆಡುತ್ತಾಳೆ. ಅವತ್ತಿನ ಪಂದ್ಯ ನೋಡಿ ಲಡಾಖಿನ ತರಬೇತಿ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರಿದ್ದರು. ವರ್ಷವಿಡೀ ಅವಳಿಗೆ ಅದೊಂದೇ ಜಪ.

ದಾರಿಯುದ್ದಕ್ಕೂ ಯಜಮಾನರಿಗೆ ಪಾಠ ನಡೆಸಿದೆ. "ನೋಡ್ರೀ, ಪಕ್ ಅಂದ್ರೆ ಚೆಂಡಿನ ಬದಲು ಇರೋ ಕಪ್ಪು ರಬ್ಬರ್ ಬಿಲ್ಲೆ. ಫೇಸ್‌ಆಫ್ ಅಂದ್ರೆ ರೆಫರಿ ಅದನ್ನ ಇಬ್ಬರ ನಡುವೆ ಬೀಳಿಸಿ ಆಟ ಶುರು ಮಾಡೋದು. ಒಬ್ಬಳೇ ಮೂರು ಗೋಲು ಹೊಡೆದ್ರೆ ಹ್ಯಾಟ್‌ಟ್ರಿಕ್."

"ಇಷ್ಟೆಲ್ಲ ಯಾವಾಗ ಕಲಿತೆ ಮಾರಾಯ್ತಿ!" ಎಂದು ಅವರು ಬೆರಗಾದರು. ನಾನು ಉಬ್ಬಿಹೋದೆ.

ವಿರಾಮಕ್ಕೆ ಮೊದಲೇ ಅನಘಾ ಎರಡು ಗೋಲು ಹೊಡೆದಳು. ಸುತ್ತ ನಿಂತವರೆಲ್ಲ "ವಾಹ್, ಕ್ಯಾ ಬಚ್ಚೀ ಹೈ!" ಎಂದು ಹೊಗಳುತ್ತಾ ಅವಳನ್ನೇ ನೋಡತೊಡಗಿದರು. ಇಷ್ಟೊಂದು ಕಣ್ಣು! ದೃಷ್ಟಿಯಾಗದೆ ಇರುತ್ತದೆಯೇ? ಪುಣ್ಯಕ್ಕೆ ಬರುವಾಗಲೇ ಕರವಸ್ತ್ರದಲ್ಲಿ ಕಲ್ಲುಪ್ಪು ಕಟ್ಟಿಕೊಂಡು ಬಂದಿದ್ದೆ.

ವಿರಾಮದಲ್ಲಿ ಆಟಗಾರರ ಬೆಂಚಿನ ಹತ್ತಿರ ಓಡಿದೆ.

"ಅಮ್ಮಾ, ಪ್ಲೀಸ್! ಸಬ್ ದೇಖ್ ರಹೇ ಹೈಂ!" ಎಂದು ಅನಘಾ ಹಲ್ಲು ಕಚ್ಚಿದಳು.

"ಎಲ್ರೂ ನೋಡ್ತಿರೋದಕ್ಕೇ ಕಣೇ ಬಂದಿದ್ದು!" ಎಂದು ಹೆಲ್ಮೆಟ್ ಸುತ್ತ ಮೂರು ಸಲ ಉಪ್ಪು ನಿವಾಳಿಸಿದೆ. ನಿವಾಳಿಸಿದ ಉಪ್ಪನ್ನು ನೀರಿಗೆ ಹಾಕಬೇಕು. ಎದುರಿಗೆ ಇದ್ದದ್ದೂ ನೀರೇ ತಾನೆ? ಹೆಪ್ಪುಗಟ್ಟಿದೆ, ಅಷ್ಟೆ! ಇಡೀ ಹಿಡಿಯನ್ನು ಬೀಸಿ ಎಸೆದೆ.

ಉಪ್ಪು ಬಿದ್ದರೆ ಮಂಜುಗಡ್ಡೆ ಕರಗುತ್ತದೆಂದು ಶಾಲೆಯಲ್ಲಿ ಓದಿದ್ದೆ. ಬೇಕಾದ ಹೊತ್ತಿಗೆ ಅದು ನೆನಪಾಗಬೇಕಲ್ಲ! ಆಟ ಮತ್ತೆ ಶುರುವಾಯಿತು. ಅನಘಾ ಪಕ್ ತಳ್ಳಿಕೊಂಡು ಗೋಲಿನತ್ತ ನುಗ್ಗಿದಳು. ಪಕ್ ಉಪ್ಪು ಕರಗಿಸಿದ ಗುಂಡಿಯಲ್ಲಿ ಸಿಕ್ಕಿ ನಿಂತಿತು. ಮಗಳು ನಿಲ್ಲಲಿಲ್ಲ. ಮಕಾಡೆ ಬಿದ್ದು, ಹೊಟ್ಟೆಯ ಮೇಲೆ ಜಾರುತ್ತಾ, ಪಕ್ ಬಿಟ್ಟು ತಾನೇ ಗೋಲಿನೊಳಗೆ ಹೋದಳು!

ರೆಫರಿ ಸೀಟಿ ಊದಿದರು. ಕೋಚ್ ಲಡಾಖಿನ ಹುಡುಗಿ; ಓಡಿಬಂದು ಆ ಗುಂಡಿಗೆ ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿಕೊಂಡಳು. "ನಮಕ್?" ಯಜಮಾನರು ನನ್ನ ಪರಿಚಯವೇ ಇಲ್ಲದವರ ಹಾಗೆ ಚಾವಣಿ ನೋಡುತ್ತಿದ್ದರು. ನಾನು ಮೆಲ್ಲಗೆ ಕೈ ಎತ್ತಿದೆ.

ಆಟ ಕೆಡಿಸಿದ್ದಕ್ಕೆ ತಂಡಕ್ಕೆ ಪೆನಾಲ್ಟಿ, ಒಬ್ಬಳು ಹೊರಗೆ ಕೂರಬೇಕು ಎಂದರು ರೆಫರಿ. ಅಯ್ಯೋ, ಅನಘಾಳನ್ನೇ ಕೂರಿಸಿದರೆ? ಶಿಬಿರ ನನ್ನ ಕೈಯಾರೆ ಹಾಳಾಯಿತಲ್ಲ! ಕಣ್ಣು ತುಂಬಿ ಬಂತು. ಕೋಚ್ ನನ್ನ ಮುಖ ನೋಡಿದಳು. "ಬಚ್ಚೋಂ ಕೋ ಕ್ಯೋಂ? ಆಂಟೀಜೀ ಬೈಠ್ ಜಾಯೇಂಗೀ." ಮಕ್ಕಳ ಬದಲು ನಾನು ಕೂರಬೇಕಂತೆ! ರೆಫರಿ ನಕ್ಕು ಒಪ್ಪಿದರು. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ! ಗುಂಡಿಗಳಿಗೆ ಐಸ್ ಪುಡಿ ತುಂಬಿ ಸರಿಮಾಡಿದರು. ನನ್ನನ್ನು ಕೈಚೀಲದ ಸಮೇತ ಪೆನಾಲ್ಟಿ ಬಾಕ್ಸ್ ಎಂಬ ಗಾಜಿನ ಗೂಡಿನಲ್ಲಿ ಕೂರಿಸಿದರು.

ಚಳಿಗೆ ಗಡಗಡ ನಡುಗುತ್ತಾ ಮನೆದೇವರನ್ನೆಲ್ಲ ಕರೆದೆ. ಅನಘಾ ಮೂರನೇ ಗೋಲು ಹೊಡೆದೇಬಿಟ್ಟಳು! ಕೂಗೋಣವೆಂದರೆ ಶಿಕ್ಷೆ ಹೆಚ್ಚಾದೀತೆಂಬ ಭಯ. ಬಾಯಿಗೆ ಶಾಲು ಒತ್ತಿಕೊಂಡೆ. ಪಂದ್ಯ ಮುಗಿದು ಆಯ್ಕೆಯಾದವರ ಹೆಸರು ಕರೆದರು. ಅನಘಾಳದೇ ಮೊದಲು! ಅಳು ತಡೆಯಲಾಗಲಿಲ್ಲ. ನಮ್ಮ ಕಚೇರಿಯಲ್ಲಿ ಒಂದು ಫೈಲ್ ಆಚೀಚೆಯಾದರೆ ಮೆಮೊ ಬರುತ್ತದೆ. ಇಲ್ಲಿ ಆಡುವ ನೆಲವನ್ನೇ ಕರಗಿಸಿದವಳನ್ನು ನಕ್ಕು ಕ್ಷಮಿಸಿದ್ದರು.

ಬಾಗಿಲು ತೆರೆದ ಕೋಚ್ ಹುಡುಗಿಯ ಎರಡೂ ಕೈ ಹಿಡಿದುಕೊಂಡು, ಶಿಕ್ಷೆ ಮುಗಿಯಿತೇ ಎಂದು ಕೇಳಿದೆ.

"ಆಂಟೀಜೀ, ವೋ ತೋ ದೋ ಮಿನಿಟ್ ಕೀ ಥೀ!"

ಎರಡೇ ನಿಮಿಷ! ನಾನು ಪಂದ್ಯ ಮುಗಿಯುವವರೆಗೂ ಕೂತಿದ್ದೆ. "ಮತ್ತೆ ಯಾರೂ ಹೇಳಲೇ ಇಲ್ವಲ್ಲೇ!" ಎಂದೆ ಮಗಳಿಗೆ.

ಅನಘಾ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. "ನಾನೇ ಹೇಳ್ಬೇಡಿ ಅಂದೆ ಅಮ್ಮಾ. ನೀನು ಒಳಗಿದ್ದೆ, ನಂಗೆ ಟೆನ್ಷನ್ನೇ ಇರ್ಲಿಲ್ಲ!"

ಮಗಳಿಗೆ ತಗುಲಿದ್ದ ದೃಷ್ಟಿ ಯಾರದೆಂದು ಕೊನೆಗೂ ಗೊತ್ತಾಯಿತು. ನನ್ನದೇ!