ಐಬಿನ ಮೀನು

ಜೀವ ಇರುವ ಯಾವುದನ್ನೇ ಕೊಳ್ಳುವಾಗ ಮೊದಲು ಕಣ್ಣು ನೋಡಬೇಕು. ಇದು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹನೂರಿನ ಸಂತೆಯಲ್ಲಿ ಒಂದು ಮೇಕೆ ಮಾರಿ ಎರಡು ಕೊಂಡು, ಎರಡು ಮಾರಿ ನಾಲ್ಕು ಕೊಂಡು, ಕೊನೆಗೆ ಕೊಳ್ಳೇಗಾಲದಲ್ಲಿ ತಾರಸಿ ಮನೆ ಕಟ್ಟಿದವನ ಅನುಭವ. ಹಲ್ಲು ಆಮೇಲೆ, ತೊಡೆ ಆಮೇಲೆ, ಮೊದಲು ಕಣ್ಣು. ಅದೂ ಎರಡೂ ಕಡೆ ತಿರುಗಿಸಿ. ಎಡಗಣ್ಣು ನೋಡಿ ಮೆಚ್ಚಿ ಕಾಸು ಬಿಚ್ಚಿದವರು ಮನೆಗೆ ಹೋಗಿ ಬಲಗಣ್ಣಿನ ಹೂವು ನೋಡಿ ಎದೆ ಬಡಿದುಕೊಂಡದ್ದನ್ನು ಕಂಡಿದ್ದೇನೆ. ಮೇಕೆಗೂ ಇದೇ ಮಾತು, ಕೋಳಿಗೂ ಇದೇ ಮಾತು, ಮೀನಿಗೂ ಇದೇ ಮಾತು. ಅಳಿಯನನ್ನು ಹುಡುಕುವಾಗಲೂ ಇದೇ ಮಾತು ಎಂದು ಹೇಳಲು ಹೋಗಿ ಒಮ್ಮೆ ಹೆಂಡತಿ ಜಯಮ್ಮನಿಂದ ಉಗಿಸಿಕೊಂಡಿದ್ದೇನೆ, ಅದನ್ನು ಬಿಡಿ. ಈ ಬುದ್ಧಿಮಾತು ನಿಮಗೆ ಪುಕ್ಕಟೆ. ಆದರೆ ಇದನ್ನು ಸಮುದ್ರದವರೆಗೂ ಹೊತ್ತುಕೊಂಡು ಹೋಗಬೇಡಿ. ನಾನು ಹೋಗಿದ್ದೆ.

ಅಳಿಯನನ್ನು ಹುಡುಕುವ ಕೆಲಸವನ್ನು ಮಗಳು ನನಗೆ ಬಿಡಲೇ ಇಲ್ಲ. ಕರಾವಳಿಯ ಒಂದೂರಿನ ಶಾಲೆಗೆ ಟೀಚರಾಗಿ ಹೋದವಳು ಅಲ್ಲೇ ಇನ್ನೊಬ್ಬ ಟೀಚರನ್ನು ಮೆಚ್ಚಿದಳು. ಹುಡುಗ ಚಿನ್ನದಂಥವನು, ನಾನು ನೋಡಿದ್ದರೂ ಅವನನ್ನೇ ಒಪ್ಪುತ್ತಿದ್ದೆ; ಸ್ವಲ್ಪ ತಡಮಾಡಿ ಒಪ್ಪುತ್ತಿದ್ದೆ, ಅಷ್ಟೆ. ಅವನ ಅಪ್ಪ, ಅಂದರೆ ನನ್ನ ಬೀಗರು, ಚಿಕ್ಕ ದೋಣಿಯಲ್ಲಿ ದಡದ ಹತ್ತಿರವೇ ಗಾಳ ಹಾಕಿ ಮೀನು ಹಿಡಿಯುವವರು. ಮಾತು ಕಮ್ಮಿ, ನಗು ಜಾಸ್ತಿ. ಇಂಥವರ ಮುಂದೆ ನನ್ನಂಥವನಿಗೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮದುವೆಯಾದ ಮೇಲೆ ಮೊದಲ ಸಲ ನಾನೊಬ್ಬನೇ ಅವರ ಮನೆಗೆ ಹೋದಾಗ, ಕಾವೇರಿಯಲ್ಲಿ ಬಿದಿರಿನ ಕೋಲು ಹಿಡಿದು ನಾನು ಎಳೆದ ಮೀನುಗಳ ಉದ್ದವನ್ನು ಮೊಳಕೈವರೆಗೆ ಅಳೆದು ತೋರಿಸಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಬೀಗಿತ್ತಿಯ ಕಡೆ ತಿರುಗಿ, “ನಾಳೆ ಮಧ್ಯಾಹ್ನಕ್ಕೆ ಮೀನು ಕೊಳ್ಳಬೇಡಿ ಅಮ್ಮ. ಸಾರು ನನ್ನ ಗಾಳದ್ದು,” ಅಂದುಬಿಟ್ಟೆ.

ಮಗಳು ಒಳಗೆ ಕರೆದು ಶರ್ಟಿನ ತೋಳು ಜಗ್ಗಿದಳು. “ಅಪ್ಪಾ, ಇವ್ರ ಮನೇಲಿ ಮೀನಿಲ್ದೆ ಯಾರೂ ತಟ್ಟೆ ಮುಂದೆ ಕೂರಾಕಿಲ್ಲ. ನೀನು ಬರಿಗೈಲಿ ಬಂದ್ರೆ ಇಲ್ಲಿ ನನ್ ಮುಖ ಏನಾಯ್ತದೆ?”

“ಸುಮ್ಕಿರವ್ವ. ಮೀನು ಎಲ್ಲೋದ್ರೂ ಮೀನೇ,” ಎಂದೆ.

ಬೆಳಿಗ್ಗೆ ದೋಣಿ ಏರಿದೆವು. ಸಮುದ್ರವನ್ನು ದಡದಿಂದ ನೋಡುವುದು ಬೇರೆ, ಅದರ ಮೇಲೆ ಕೂರುವುದು ಬೇರೆ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೀಗರು ಗಾಳಕ್ಕೆ ಸಿಗಡಿ ಸಿಕ್ಕಿಸಿ, ದಾರವನ್ನು ನನ್ನ ಬೆರಳಿಗೆ ಕೊಟ್ಟು ಹೇಳಿದರು: “ಇಲ್ಲಿ ಎರಡು ಜಾತಿ ಉಂಟು ಬೀಗ್ರೆ. ಕಲ್ಲಿನ ಸಂದಿಯದ್ದು ಕಚ್ಚಿದ ಕೂಡಲೆ ಓಡ್ತದೆ, ಆಗಲೇ ಎಳೆಯಬೇಕು. ಮರಳಲ್ಲಿ ಮಲಗುವ ಮೀನಿಗೆ ನಂಗು ಅಂತ ಹೆಸರು. ಅದು ನಿಧಾನ, ಕಾಯಬೇಕು.” ಮೊದಲನೆಯದರ ಹೆಸರನ್ನೂ ಹೇಳಿದರು, ನನಗೆ ನಾಲಗೆ ತಿರುಗಲಿಲ್ಲ. ನಂಗು ಹೇಗಿರುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಕಾವೇರಿಯ ಮೊಳಕೈ ಮೀನುಗಳ ಗತಿ ಏನು?

ದಾರ ಬೆರಳಿಗೆ ಬಂದ ಕೂಡಲೇ ನನಗೆ ಮನೆಗೆ ಬಂದಂತಾಯಿತು. ಹಳೆಯ ಸಂತೆಗಳಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತುವುದು. ಒತ್ತಿದ ಬೆರಳೇ ಬೆಲೆ. ಎದುರಿನವನ ಅವಸರ, ಆಸೆ, ಅವನ ಮನೆಯ ಕಷ್ಟ, ಎಲ್ಲವೂ ಆ ಒತ್ತಿನಲ್ಲಿ ಗೊತ್ತಾಗುತ್ತಿತ್ತು. ಈಗ ನೀರಿನ ಕೆಳಗಿಂದ ಯಾರೋ ಹಾಗೆಯೇ ಒತ್ತಿದರು. ನಾನು ಮುಖ ಬಿಗಿದುಕೊಂಡು ಕೂತೆ. ಮೊದಲ ಬೆಲೆಗೆ ಒಪ್ಪುವವನು ದಡ್ಡ. ಇನ್ನೊಂದು ಸಲ ಒತ್ತಲಿ, ಏರಲಿ ಎಂದು ಕಾದೆ. ಸಿಗಡಿ ಹೋಯಿತು, ಗಾಳ ಬರಿದಾಗಿ ಬಂತು.

“ಎಂತ ಬೀಗ್ರೆ, ಎಳೀಲಿಲ್ಲ?”

“ವ್ಯಾಪಾರ ಕುದುರಲಿಲ್ಲ,” ಎಂದೆ. ಅವರು ದೋಣಿ ಅಲ್ಲಾಡುವಂತೆ ನಕ್ಕರು.

ಮತ್ತೆ ದಾರ ಬಿಟ್ಟೆ. ಸಿಕ್ಕಾಯಿತು, ಅವರು ಬಿಡಿಸಿದರು. ಇನ್ನೊಮ್ಮೆ ಸಿಕ್ಕಾಯಿತು. ಪಾಪ, ಅವರಿಗೆ ತಮ್ಮ ಗಾಳ ಹಾಕಲು ಪುರಸೊತ್ತೇ ಆಗಲಿಲ್ಲ. ಬಿಸಿಲು ಏರಿದ ಮೇಲೆ, ಅವರು ನನಗೆ ಇನ್ನೊಂದು ದಾರ ಕೊಟ್ಟು, ಆ ತುದಿಯಲ್ಲಿ ಬೆನ್ನು ಹಾಕಿ ಸಿಕ್ಕು ಬಿಡಿಸುತ್ತಿದ್ದಾಗ, ನನ್ನ ಬೆರಳಿಗೆ ಒಂದು ಮೆತ್ತನೆಯ ಒತ್ತು ಬಂತು. ಕಾದೆ. ಇನ್ನೊಂದು ಬಂತು. ಆಗಲೂ ಕಾದೆ. ಮೂರನೆಯದಕ್ಕೆ ಎಳೆದೆ. ನೀರಿನಿಂದ ಊಟದ ತಟ್ಟೆಯಷ್ಟು ಅಗಲದ ಮೀನೊಂದು ಎದ್ದು ಬಂತು! ಎದೆ ಉಬ್ಬಿತು. ಬೀಗರನ್ನು ಕೂಗುವ ಮೊದಲು ನನ್ನ ಹಳೆಯ ಕೈ ತನ್ನ ಕೆಲಸ ಮಾಡಿತು: ಮಾಲನ್ನು ಎರಡೂ ಕಡೆ ತಿರುಗಿಸಿತು. ಒಂದು ಕಡೆ ಕಂದು ಬಣ್ಣ, ಅಲ್ಲೇ ಒಂದರ ಪಕ್ಕ ಒಂದು ಎರಡು ಕಣ್ಣು. ಇನ್ನೊಂದು ಕಡೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಕಣ್ಣೇ ಇಲ್ಲ. ಬಾಯಿ ಬೇರೆ ಸೊಟ್ಟ. ಒಂದು ಕಣ್ಣು ಜಾರಿಕೊಂಡು ಆ ಕಡೆಗೆ ಹೋಗಿದೆ ಎಂದರೆ ಇದಕ್ಕೆ ಎಂಥ ರೋಗ ಬಡಿದಿರಬೇಕು! ಇದನ್ನು ಬೀಗರ ಮನೆಯ ಒಲೆಗೆ ಇಟ್ಟು, ನಾಳೆ ಅಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ? ಐಬಿನ ಮಾಲನ್ನು ನಾನು ಹುಟ್ಟಿದಾರಭ್ಯ ಮುಟ್ಟಿದವನಲ್ಲ. ಗಾಳ ಬಿಡಿಸಿ ಮೆಲ್ಲಗೆ ನೀರಿಗೆ ಬಿಟ್ಟೆ.

ಸದ್ದು ಕೇಳಿ ಬೀಗರು ತಿರುಗಿದರು. “ಎಂತ ಅದು?”

“ಏನಿಲ್ಲ. ಒಂದು ಅರೆಗುರುಡು ಮೀನು. ಬಿಟ್ಟುಬಿಟ್ಟೆ.”

“ಚಪ್ಪಟೆ ಇತ್ತಾ?”

“ಹೂಂ.”

“ಕಣ್ಣೆರಡೂ ಒಂದೇ ಬದಿಗಾ?”

“ಅದೇ ಮತ್ತೆ! ನಿಮ್ಮಲ್ಲಿ ಈ ರೋಗ ಬಹಳವೋ?”

ಬೀಗರು ಸಿಕ್ಕಿನ ದಾರವನ್ನು ಕೆಳಗಿಟ್ಟರು. “ನಂಗು ಹುಟ್ಟಿ ಬೆಳೆಯುವುದೇ ಹಾಗೆ ಬೀಗ್ರೆ,” ಎಂದರು. ಆಮೇಲೆ ಸಮುದ್ರದ ಕಡೆ ಮುಖ ತಿರುಗಿಸಿಕೊಂಡರು. ಅವರ ಹೆಗಲು ಮಾತ್ರ ಕುಣಿಯುತ್ತಿತ್ತು.

ಆಮೇಲೆ ಒಂದು ಮೀನಿನ ಮೂತಿಯೂ ನಮ್ಮ ಗಾಳದ ಹತ್ತಿರ ಬರಲಿಲ್ಲ. ಮನೆ ಮುಟ್ಟಿದಾಗ ಬೀಗಿತ್ತಿ ಮಸಾಲೆ ರುಬ್ಬಿಟ್ಟು ಬಾಗಿಲಲ್ಲಿ ನಿಂತಿದ್ದರು. ಹಿಂದೆ ಮಗಳು. ಖಾಲಿ ಬುಟ್ಟಿ ನೋಡಿ ಅವಳ ಮುಖ ಇಳಿಯಿತು. ನಾನು ಬಾಯಿ ತೆರೆಯುವುದರೊಳಗೆ ಬೀಗರು ಶುರು ಮಾಡಿದರು: “ಸಿಕ್ಕಿತ್ತು ಮಾರಾಯ್ತಿ, ಇಷ್ಟು ದೊಡ್ಡ ನಂಗು. ಹೊಟ್ಟೆ ತುಂಬ ಮೊಟ್ಟೆ. ಬಸುರಿಯನ್ನು ಹೇಗೆ ಕೊಲ್ಲುವುದು ಅಂತ ಬೀಗ್ರು ಬಿಟ್ಟೇ ಬಿಟ್ರು.”

ಬೀಗಿತ್ತಿಯ ಕಣ್ಣಲ್ಲಿ ನೀರು ನಿಂತಿತು. “ಎಂಥ ಮನಸ್ಸು!” ಎಂದರು. ಮಗಳು ನನ್ನನ್ನು ಅನುಮಾನದಿಂದ ನೋಡಿದಳು, ಆದರೆ ತಲೆ ಎತ್ತಿ ನೋಡಿದಳು. ನನಗೆ ಅಷ್ಟು ಸಾಕಿತ್ತು. ಆ ಮಧ್ಯಾಹ್ನ ಬಸಳೆ ಸಾರು. ಸಂಜೆ ಅವರೆಲ್ಲ ಮೀನು ತಂದು ಹುರಿದುಕೊಂಡರು. ನನಗೆ ಬೇರೆ ಪಾತ್ರೆಯಲ್ಲಿ ಮತ್ತೆ ಬಸಳೆ. ಮರುದಿನವೂ ಬಸಳೆ. ದಯಾಳುವಿಗೆ ಮೀನು ಬಡಿಸುವಷ್ಟು ಒರಟರಲ್ಲ ಆ ಜನ.

ಊರಿಗೆ ಬಂದರೆ ಈ ವ್ರತ ತಪ್ಪೀತು ಅಂದುಕೊಂಡೆ. ಹೋದ ತಿಂಗಳು ಬೀಗರು ಸಂಸಾರ ಸಮೇತ ಕೊಳ್ಳೇಗಾಲಕ್ಕೆ ಬಂದರು. ಜಯಮ್ಮ ಯಳಂದೂರು ಕಡೆಯವಳು, ಮೀನು ಸಾರಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಕಾವೇರಿ ಮೀನು ತರಿಸಿ ಬೆಳಿಗ್ಗೆಯಿಂದ ಹುಣಸೆಹುಳಿ ಕಿವುಚಿ ಕೂತಿದ್ದಳು. ವಾಸನೆಗೆ ನನ್ನ ಜೀವ ಅಡುಗೆಮನೆಯ ಬಾಗಿಲಿಗೆ ಜೋತುಬಿದ್ದಿತ್ತು. ಎಲ್ಲರೂ ಊಟಕ್ಕೆ ಕೂತೆವು. ಬೀಗಿತ್ತಿ ಕೇಳಿದರು, “ಇವರಿಗೆ ಬೇರೆ ಎಂತ ಮಾಡಿದ್ದೀರಿ?”

“ಯಾರ್ಗೆ, ಇವರ್ಗಾ?” ಎಂದಳು ಜಯಮ್ಮ. “ಮುಳ್ಳನ್ನೂ ಬುಡಾಕಿಲ್ಲ ಕಣ್ರವ್ವಾ ಇವ್ರು!”

ಮಗಳು ನನ್ನನ್ನು ನೋಡಿದಳು. ಬೀಗರು ತಟ್ಟೆ ನೋಡಿಕೊಂಡರು. ನನ್ನ ಮಾನ ಉಳಿಸಲು ಹೆಂಡತಿಯ ಮುಂದೆ ಸುಳ್ಳು ಹೇಳಿದ ಆ ಮನುಷ್ಯನನ್ನು ನಾನು ಒಂದು ತುಂಡು ಮೀನಿಗೆ ಮಾರುವುದೇ?

“ಮೀನು ಬುಟ್ಬುಟ್ಟಿದ್ದೀನಿ ಕಣೇ,” ಎಂದೆ.

“ಯಾವಾಗ್ನಿಂದ್ರೀ? ನೆನ್ನೆ ರಾತ್ರಿ ಇನ್ನೂ ತಿಂದ್ರಿ!”

“ತಿಂದ್ಮೇಲಿಂದ.”

ಬೀಗರಿಗೆ ತುತ್ತು ನೆತ್ತಿಗೇರಿತು. ಮಗಳು ನೀರು ಕೊಟ್ಟು, ಹಾಗೇ ನನ್ನ ಮುದ್ದೆಯ ಮೇಲೆ ಒಂದು ಚಮಚ ಜಾಸ್ತಿ ತುಪ್ಪ ಹಾಕಿ ಹೋದಳು. ಸೊಪ್ಪಿನ ಉಪ್ಸಾರಿನಲ್ಲಿ ಮುದ್ದೆ ಹೊರಳಿಸಿ ನುಂಗಿದೆ. ಸುಳ್ಳೇಕೆ, ರುಚಿಯಾಗಿಯೇ ಇತ್ತು.

ಮೊನ್ನೆ ಬೀಗಿತ್ತಿ ಫೋನ್ ಮಾಡಿ, “ಬೇಸಿಗೆ ರಜೆಗೆ ಬಂದು ನಿಮ್ಮಲ್ಲಿ ಎಂಟು ದಿನ ಇರ್ತೇವೆ,” ಎಂದರು. ಯಾರಾದರೂ ಒಂದು ಲೆಕ್ಕ ಹೇಳಿದರೆ ಅಲ್ಲಿಗೇ ಒಪ್ಪುವ ನಾಲಗೆಯೇ ಅಲ್ಲ ಇದು. “ಎಂಟಾ? ಆಗೋ ಮಾತಲ್ಲ. ಹದಿನೈದು ದಿನ ಇರಬೇಕು,” ಎಂದೆ. ಅವರು ಹನ್ನೆರಡು ಎಂದರು, ನಾನು ಪಟ್ಟು ಬಿಡಲಿಲ್ಲ. ಹದಿನೈದಕ್ಕೇ ಒಪ್ಪಿಸಿ, ಗೆದ್ದವನ ಹಾಗೆ ಫೋನ್ ಇಟ್ಟು ತಿರುಗಿದರೆ, ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು: “ಅಂಗಾರೆ ಹದಿನೈದ್ ದಿನಾನೂ ನಿಮ್ಗೆ ಬರೀ ಸೊಪ್ಪೇನ್ರೀ?”