ಮಾಸ್ಟರ್ ಕಾಲಿಗೆ ಲೈನಿಂಗ್

ರಕ್ತನಾಳದ ಡಾಕ್ಟರಾದ ನಾನು ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ: ಯಾವ ರೋಗಿಯೂ ತನ್ನ ಕಸುಬನ್ನು ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಬರುವುದಿಲ್ಲ. ಶಿವಾಜಿನಗರದ ಟೈಲರ್ ಮಾಸ್ಟರೊಬ್ಬರಂತೂ ಇಡೀ ಅಂಗಡಿಯನ್ನೇ ಹೊತ್ತು ತಂದಿದ್ದರು.

೧. ಲೈನಿಂಗ್

ಅವರ ಬಲಮಂಡಿಯ ಹಿಂದೆ ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಾಲೇ ಹೋಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ.

"ಕಾಲು ಹೋದ್ರೆ ಮಷೀನ್ ಯಾರು ತುಳೀತಾರೆ ಡಾಕ್ಟ್ರೇ?" ಎಂದರು. ಮುಖ ಬಿಳಿಚಿಕೊಂಡಿತ್ತು.

ನಾನು ಹುರುಪಿನಿಂದ ಚಿತ್ರ ಬರೆದೆ. ತೊಡೆಸಂದಿಯಿಂದ ತೆಳ್ಳನೆ ನಳಿಕೆ ತೂರಿಸಿ, ಬಟ್ಟೆ ಹೊದಿಸಿದ ತಂತಿಬಲೆಯ ಸ್ಟೆಂಟನ್ನು ಉಬ್ಬಿದ ನಾಳದೊಳಗೆ ಬಿಚ್ಚುತ್ತೇವೆ, ರಕ್ತ ಅದರೊಳಗೇ ಹರಿಯುತ್ತದೆ ಎಂದು ಕಾಲು ಗಂಟೆ ವಿವರಿಸಿದೆ.

"ಒಳಗಡೆ ಲೈನಿಂಗ್ ಕೊಡ್ತೀನಿ ಅಂತ ಸೀದಾ ಹೇಳ್ಬಾರ್ದಾ? ಇಷ್ಟಕ್ಕೆ ಎಷ್ಟು ವರ್ಷ ಓದಿದ್ರಿ?"

೨. ಅಳತೆ

ಸ್ಕ್ಯಾನ್ ನೋಡಿ ಅಳತೆ ಹೇಳಿದೆ. ಉಬ್ಬದ ಕಡೆ ನಾಳ ಆರು ಮಿಲಿಮೀಟರ್, ಸ್ಟೆಂಟ್ ಏಳು.

"ಒಂದು ಸೈಜ್ ದೊಡ್ಡದು, ಸರಿ. ಎರಡೂ ಕಡೆ ಮಾರ್ಜಿನ್ ಬಿಟ್ಟಿದ್ದೀರಾ?"

ನನಗೆ ರೋಮಾಂಚನವಾಯಿತು! ಸ್ಟೆಂಟಿನ ಎರಡೂ ತುದಿ ಚೆನ್ನಾಗಿರುವ ನಾಳವನ್ನು ಕಚ್ಚಿ ಹಿಡಿಯಲೇಬೇಕು. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಲು ನಾನು ಒಂದು ವರ್ಷ ಹೆಣಗಿದ್ದೆ.

"ನಾಳೆಯೇ ಮಾಡೋಣ" ಎಂದೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಮುಂದೆ ಬಾಗಿ ಕೇಳಿದರು:

"ಟೈಲರ್ ನಾಳೆನಾ, ನಿಜವಾದ ನಾಳೆನಾ?"

೩. ಮಾರ್ಕ್

ನಿಜವಾದ ನಾಳೆ ಬಂತು. ಒಳಗೆ ಕರೆದೊಯ್ಯುವ ಮೊದಲು ಅವರ ಪಾದದ ಮೇಲೆ ನಾಡಿ ಸಿಗುವ ಜಾಗ ಹುಡುಕಿ, ಪೆನ್ನಿನಲ್ಲಿ ಒಂದು ಇಂಟು ಗುರುತು ಹಾಕಿದೆ. ಸ್ಟೆಂಟ್ ಹಾಕಿದ ಮೇಲೆ ಅಲ್ಲಿ ನಾಡಿ ಬಡಿದರೆ ಕಾಲು ಉಳಿದಂತೆ. ಆದರೆ ಗುರುತು ಯಾಕೆಂದು ಅವರಿಗೆ ಹೇಳಲಿಲ್ಲ, ತಪ್ಪು ನನ್ನದೇ. ನಾನು ಕೈ ತೊಳೆಯಲು ಹೊರಟಾಗಲೂ ಮಾಸ್ಟರ್ ಆ ಗುರುತನ್ನೇ ದಿಟ್ಟಿಸಿ ನೋಡುತ್ತಿದ್ದರು.

ಕೆಲಸ ಸುಸೂತ್ರವಾಗಿ ಆಯಿತು. ಸ್ಟೆಂಟ್ ಅರಳಿತು, ಪರದೆಯ ಮೇಲೆ ರಕ್ತ ಮಂಡಿ ದಾಟಿ ಸರ್ರನೆ ಇಳಿಯಿತು. ನಾನು ಕುಣಿಯದೆ ಇದ್ದದ್ದೇ ಹೆಚ್ಚು! ಉಳಿದದ್ದು ನಾಡಿ ನೋಡುವುದೊಂದೇ. ಪಾದದ ಮೇಲಿನ ಹೊದಿಕೆ ಸರಿಸಿದೆ.

ಗುರುತು ಇರಲಿಲ್ಲ. ಹುಡುಕಿದರೆ, ಹೆಬ್ಬೆರಳ ಉಗುರಿನ ತುದಿಯಲ್ಲಿ ಒಂದು ಪುಟ್ಟ ಇಂಟು!

ಬೇರೆಯವರ ಕಾಲೇ? ಬೆರಳನ್ನು ಎಂದಿನ ಜಾಗಕ್ಕೆ ಒತ್ತಿದೆ. ಮೊದಲು ಏನೂ ಸಿಗಲಿಲ್ಲ. ಆಮೇಲೆ ಟುಕ್, ಟುಕ್, ಟುಕ್! "ಮಾಸ್ಟ್ರೇ, ಕಾಲು ಉಳೀತು!" ಎಂದು ಕಿರುಚಿಯೇಬಿಟ್ಟೆ. ತೊಡೆಸಂದಿಗಷ್ಟೇ ಅರಿವಳಿಕೆ ಕೊಟ್ಟಿದ್ದರಿಂದ ಎಚ್ಚರವಾಗೇ ಮಲಗಿದ್ದ ಮಾಸ್ಟರ ಕಣ್ಣಲ್ಲಿ ನೀರು. ಸಿಸ್ಟರ್ ಕಣ್ಣಲ್ಲೂ ನೀರು.

"ಆದ್ರೆ ಈ ಮಾರ್ಕ್ ಉಗುರಿಗೆ ಹೇಗೆ ಬಂತು?" ಎಂದೆ.

ಮಾಸ್ಟರ್ ನಾಚಿಕೊಂಡರು. "ಸೂಜಿ ಚುಚ್ಚೋಕೆ ತಂದಿದ್ದ ಸ್ಪಿರಿಟ್ ಹತ್ತಿ ಅಲ್ಲೇ ಇತ್ತು, ಸಹಿ ಹಾಕ್ಸಿದ ಪೆನ್ನೂ ಇತ್ತು. ಕಾಲು ಹೋಗ್ಬಹುದು ಅಂತ ನೀವೇ ಅಂದಿದ್ರಿ. ನಮ್ ಅಂಗಡೀಲಿ ಮಾರ್ಕ್ ಹಾಕಿದ್ ಕಡೇನೇ ಕತ್ತರಿ ಹಾಕೋದು ಡಾಕ್ಟ್ರೇ. ಅದಕ್ಕೇ ಅಳಿಸಿ ಕೆಳಗೆ ಇಳಿಸ್ಬಿಟ್ಟೆ. ಕತ್ತರಿಸಿದ್ರೂ ಬರೀ ಉಗುರು ಹೋಗ್ಲಿ ಅಂತ!"