ಅಪ್ಪನ ಕವಾಯತು ಪುಸ್ತಕ

ಪಿ.ಟಿ. ಮೇಷ್ಟ್ರು ಕಾಲು ಮುರಿದುಕೊಂಡು ರಜೆ ಹಾಕಿದಾಗ, ಗಣರಾಜ್ಯೋತ್ಸವದ ಕವಾಯತಿನ ಹೊಣೆಯನ್ನು ನಾನೇ ಮೇಲೆ ಬಿದ್ದು ಹೊತ್ತುಕೊಂಡೆ. ನಾನು ಹಂಪಸಾಗರದಲ್ಲಿ ಕನ್ನಡ ಮೇಷ್ಟ್ರು. ಬಸ್ಸು ಹಿಡಿಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಓಡಿದವನಲ್ಲ. ಆದರೇನು, ಮನೆಯಲ್ಲಿ ಅಪ್ಪನ ಪುಸ್ತಕವಿತ್ತು!

ಅಪ್ಪ ಹೆಬ್ಬೆಟ್ಟು ಒತ್ತಿ ಮಿಲಿಟರಿ ಸೇರಿದವರು. ಹಿಂದಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದ ಆ ಕವಾಯತು ಪುಸ್ತಕದ ಚಿತ್ರ ನೋಡಿ ಹೆಜ್ಜೆ ಕಲಿತರು, ಚಿತ್ರದ ಕೆಳಗಿನ ಸಾಲು ನೋಡಿ ಅಕ್ಷರ ಕಲಿತರು. ಚಿಕ್ಕಂದಿನಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿಸಿದ್ದೂ ಅದನ್ನೇ. ಅವರಿಗೀಗ ಎಂಬತ್ತೈದು. ಅವರ ಕಣ್ಣೆದುರು ಆ ಪುಸ್ತಕ ಇನ್ನೊಮ್ಮೆ ಹೆಜ್ಜೆ ಹಾಕಬೇಕೆಂಬುದು ನನ್ನ ಆಸೆ.

ಊರೂರಿನ ಸಿಪಾಯಿಗಳ ಹೆಜ್ಜೆ ಒಂದಾದದ್ದೇ ಅಚ್ಚಿನ ಪುಸ್ತಕ ಬಂದ ಮೇಲೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿದೆ. ಪುಸ್ತಕದಲ್ಲಿಲ್ಲದ ಮಾತಿಗೆ ಕಿವಿಗೊಡಕೂಡದೆಂದು ಕವಾಯತಿಗೆ ಆರಿಸಿದ ಹುಡುಗಿಯರಿಗೆ ಕಟ್ಟಪ್ಪಣೆ ಮಾಡಿದೆ. ಹೆಂಡತಿ ಮಾತ್ರ, "ಪುಸ್ತಕ ಹಳೇದೈತಿ, ಮಾವಾರನ್ನ ಒಂದ್ಮಾತು ಕೇಳ್ರಿ" ಅಂದಳು. ಓದಲು ಬರುವವನು ಕೇಳುವುದೇನು!

ತಾಲೀಮು ಭರ್ಜರಿಯಾಗಿ ನಡೆಯಿತು. ಬಿಸಿಯೂಟದ ಗಂಟೆ ಬಾರಿಸಿದ ಕೂಡಲೇ ದಳ ತಾನಾಗಿಯೇ ನಿಲ್ಲುತ್ತಿತ್ತು.

ಗಣರಾಜ್ಯೋತ್ಸವದ ದಿನ ಅಪ್ಪ ಮುಂದಿನ ಕುರ್ಚಿಯಲ್ಲಿದ್ದರು. ನಡೆಸುವ ಆಜ್ಞೆ ಓದಿ, "ತೇಜ್ ಚಲ್" ಎಂದೆ. ಹದಿನಾರು ಹುಡುಗಿಯರು ಧ್ವಜದ ಮುಂದೆ ಹಾದುಹೋದರು. ಅಪ್ಪನ ಕಣ್ಣು ಒದ್ದೆಯಾಯಿತು. ನಿಲ್ಲಿಸುವ ಆಜ್ಞೆಗಾಗಿ ಪುಟ ತಿರುವಿದೆ. ಹತ್ತನೇ ಪುಟವಾದ ಮೇಲೆ ಹದಿಮೂರು! ನಡೆಸುವ ಪುಟವಿತ್ತು, ನಿಲ್ಲಿಸುವ ಹಾಳೆಯೇ ಇರಲಿಲ್ಲ. ಅಂದು ಬಿಸಿಯೂಟವೂ ಇರಲಿಲ್ಲ. "ಸಾಕು ನಿಲ್ರವ್ವಾ" ಎಂದು ಕೂಗಿದೆ. ಪುಸ್ತಕದಲ್ಲಿಲ್ಲದ ಮಾತು, ಒಬ್ಬರೂ ಕೇಳಲಿಲ್ಲ. ದಳ ಗೇಟು ದಾಟಿ ಹೊಳೆಯ ದಾರಿ ಹಿಡಿಯಿತು. ಪುಸ್ತಕ ಹಿಡಿದು ಹಿಂದೆ ನಾನೂ ಓಡಿದೆ.

ಅಪ್ಪ ಕೋಲೂರಿ ಎದ್ದರು. "ದಳ್... ಥಮ್!"

ಮೂವತ್ತೆರಡು ಕಾಲುಗಳು ನಿಂತವು. ನನ್ನವೂ ನಿಂತವು. ಈ ಮಾತು ಹೇಗೆ ಕೇಳಿದಿರಿ ಎಂದರೆ, ಮುಂದಿದ್ದ ರೇಣುಕಾ, "ಅಜ್ಜಾರು ಹೇಳಿದ್ದು ಬುಕ್ಕಿನ್ಯಾಗ ಇದ್ದಂಗ ಇತ್ರಿ ಸರ್" ಅಂದಳು.

ಸಂಜೆ ಅಪ್ಪನ ಬಳಿ ಕೂತು, ಆ ಹಾಳೆ ಎಲ್ಲಿ ಹೋಯಿತೋ ಎಂದು ಗೊಣಗಿದೆ.

"ನೀನ ಹರದಿದ್ದಿ" ಎಂದರು ಅಪ್ಪ. "ದೋಣಿ ಮಾಡಿ ಹೊಳ್ಯಾಗ ಬಿಟ್ಟು ಭಾಳ ನಕ್ಕಿದ್ದಿ. ಬೈಯಾಕ ಮನಸಾಗಲಿಲ್ಲ."

ನಾನು ಒಂದು ಬಿಳಿ ಹಾಳೆ, ಪೆನ್ನು ತಂದು ಕೂತೆ. ಅವರು ಹೇಳುತ್ತಾ ಹೋದರು, ನಾನು ಆ ಹಾಳೆಯನ್ನು ಬರೆದು ಅಂಟಿಸಿದೆ. ಅಪ್ಪ ಕನ್ನಡಕ ಏರಿಸಿ ಓದಿ, ನಾಲ್ಕು ತಪ್ಪು ತಿದ್ದಿದರು. ಹೆಬ್ಬೆಟ್ಟಿನ ಸಿಪಾಯಿ ತಿದ್ದಿದ್ದು, ಮೂವತ್ತು ವರ್ಷ ಕನ್ನಡ ಕಲಿಸಿದವನ ಬರಹ!